ಓದುಗರ ಪ್ರಶ್ನೋತ್ತರ: ಅಕ್ರಮ, ಆದರೂ ಸಿಂಧು – ಪೋಪರು, ಯಹೂದಿಗಳು ಮತ್ತು ಅಳಿಸಲಾಗದ ಜ್ಞಾನಸ್ನಾನ

ಪೋಪರ ಆಳ್ವಿಕೆಯಲ್ಲಿ ಯಹೂದಿಗಳೂ ಮತಾಂತರಗೊಂಡ ಯಹೂದಿಗಳೂ ಹೇಗೆ ಬದುಕಿದರು ಎಂಬ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ. ಉತ್ತರಗಳಲ್ಲಿ ಎರಡು ಪದಗಳು ಪದೇ ಪದೇ ಬರುತ್ತವೆ: 'ಅಕ್ರಮ' ಮತ್ತು 'ಸಿಂಧು'. ಒಂದು ಕೆಲಸ ಮಾಡಬಾರದಾಗಿತ್ತು ಎನ್ನುವುದು ಬೇರೆ, ಮಾಡಿದ್ದು ಊರ್ಜಿತವೇ ಅಲ್ಲವೇ ಎನ್ನುವುದು ಬೇರೆ. ಚರ್ಚ್ ಕಾನೂನು ಈ ಎರಡನ್ನೂ ಬೇರೆ ಬೇರೆಯಾಗಿ ತೂಗುತ್ತದೆ. ಈ ವ್ಯತ್ಯಾಸ ಹಿಡಿತಕ್ಕೆ ಸಿಗದಿದ್ದರೆ ಮುಂದಿನ ಯಾವ ಘಟನೆಯೂ ಅರ್ಥವಾಗುವುದಿಲ್ಲ.

ಪ್ರಶ್ನೆ: ಪೋಪರು ಯಹೂದಿಗಳನ್ನು ಕಾಪಾಡಿದರು ಎಂದು ಒಂದು ಕಡೆ ಓದುತ್ತೇವೆ, ಗೋಡೆ ಕಟ್ಟಿ ಕೂಡಿಹಾಕಿದರು ಎಂದು ಇನ್ನೊಂದು ಕಡೆ. ಯಾವುದು ನಿಜ?

ಎರಡೂ ನಿಜ. ಎರಡಕ್ಕೂ ಬೇರು ಒಂದೇ. ಒಂದನೇ ಗ್ರೆಗೊರಿ (ಪೋಪ್ ಆಗಿದ್ದದ್ದು 590ರಿಂದ 604) 598ರಲ್ಲಿ ಸಿಸಿಲಿಯ ಪಲೆರ್ಮೊ ನಗರದ ಬಿಷಪ್ ವಿಕ್ಟರ್‌ಗೆ ಬರೆದ ಪತ್ರದ ಸಾರ ಹೀಗಿದೆ: ಕಾನೂನು ಕೊಟ್ಟದ್ದಕ್ಕಿಂತ ಹೆಚ್ಚಿನದನ್ನು ಯಹೂದಿಗಳು ತಮ್ಮ ಸಿನಗಾಗ್‌ಗಳಲ್ಲಿ (ಪ್ರಾರ್ಥನಾ ಮಂದಿರಗಳಲ್ಲಿ) ಮಾಡಬಾರದು; ಕಾನೂನು ಕೊಟ್ಟದ್ದನ್ನು ಅವರಿಂದ ಯಾರೂ ಕಸಿಯಬಾರದು. ಮೊದಲ ಅರ್ಧ ಬೇಲಿ, ಎರಡನೆಯ ಅರ್ಧ ಆಸರೆ. ಮುಂದಿನ ಪೋಪರಲ್ಲಿ ಕೆಲವರು ಆಸರೆಯನ್ನು ಎತ್ತಿ ಹಿಡಿದರು, ಕೆಲವರು ಬೇಲಿಯನ್ನು ಬಿಗಿ ಮಾಡಿದರು. ವಾಕ್ಯ ಮಾತ್ರ ಅದೇ ಉಳಿಯಿತು.

ಆ ಪತ್ರದ ಹಿಂದಿನ ಜಗಳವನ್ನು ಹತ್ತಿರದಿಂದ ನೋಡಬೇಕು. ವಿಕ್ಟರ್ ಪಲೆರ್ಮೊದ ಸಿನಗಾಗ್‌ಗಳನ್ನೂ ಅವಕ್ಕೆ ಸೇರಿದ ತಂಗುಮನೆಗಳನ್ನೂ ವಶಪಡಿಸಿಕೊಂಡು ಚರ್ಚ್ ಆಗಿ ಪ್ರತಿಷ್ಠೆ ಮಾಡಿಬಿಟ್ಟಿದ್ದ. ದೂರು ರೋಮ್‌ಗೆ ಬಂತು. ಗ್ರೆಗೊರಿಯ ತೀರ್ಪು: ವಶಪಡಿಸಿಕೊಂಡದ್ದು ತಪ್ಪು. ಆದರೆ ಒಮ್ಮೆ ಪ್ರತಿಷ್ಠೆಯಾದ ಕಟ್ಟಡವನ್ನು ಹಿಂದಿರುಗಿಸಲಾಗದು, ಆದ್ದರಿಂದ ಅದಕ್ಕೆ ನ್ಯಾಯವಾದ ಬೆಲೆ ಕೊಡಬೇಕು. ಒಯ್ದ ಪುಸ್ತಕಗಳನ್ನೂ ಅಲಂಕಾರ ವಸ್ತುಗಳನ್ನೂ ವಾಪಸು ಮಾಡಬೇಕು. ಅದೇ ಕಾಲದಲ್ಲಿ ಸಾರ್ಡಿನಿಯಾದ ಕಾಲ್ಯಾರಿಯಲ್ಲಿ ಹೊಸದಾಗಿ ಮತಾಂತರಗೊಂಡ ಪೀಟರ್ ಎಂಬಾತ ತನ್ನ ಜ್ಞಾನಸ್ನಾನದ (ನೀರಿನಿಂದ ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವ ಸಂಸ್ಕಾರದ) ಮರುದಿನವೇ ಗುಂಪು ಕಟ್ಟಿಕೊಂಡು ಸಿನಗಾಗ್‌ಗೆ ನುಗ್ಗಿ, ಮರಿಯಮ್ಮನ ಚಿತ್ರ, ಶಿಲುಬೆ ಮತ್ತು ಸ್ನಾನದ ಹೊತ್ತಿನಲ್ಲಿ ತಾನು ತೊಟ್ಟಿದ್ದ ಬಿಳಿ ನಿಲುವಂಗಿಯನ್ನು ಅಲ್ಲಿ ಇಟ್ಟು ಬಂದಿದ್ದ. ಅಲ್ಲಿ ಪ್ರತಿಷ್ಠೆ ನಡೆದಿರಲಿಲ್ಲ. ಹಾಗಾಗಿ ಅವನ್ನೆಲ್ಲ ಗೌರವದಿಂದ ತೆಗೆಸಿ ಜಾಗವನ್ನು ಯಹೂದಿಗಳಿಗೇ ಬಿಟ್ಟುಕೊಡಲು ಗ್ರೆಗೊರಿ ಆಜ್ಞೆ ಮಾಡಿದ. ಪಲೆರ್ಮೊದಲ್ಲಿ ಕಟ್ಟಡಕ್ಕೆ ಬೆಲೆ ಕೊಟ್ಟು ಮುಗಿಸಬಹುದಿತ್ತು. ಇದೇ ತರ್ಕ ಮನುಷ್ಯನ ಮೈಗೆ, ಮಗುವಿನ ತಲೆಗೆ ಬಂದಾಗ ಕೊಡಲು ಬೆಲೆಯೇ ಇರಲಿಲ್ಲ.

ಪ್ರಶ್ನೆ: 'ಸಿಕುಟ್ ಯೂದೆಯಿಸ್' ಎಂಬ ರಕ್ಷಣಾ ಪತ್ರದಲ್ಲಿ ಏನೇನಿತ್ತು? ಅಷ್ಟು ಸಲ ಹೊರಡಿಸಿದರೂ ದಾಳಿಗಳು ನಿಲ್ಲಲಿಲ್ಲವೇಕೆ?

ಗ್ರೆಗೊರಿಯ ಆ ವಾಕ್ಯದ ಮೊದಲ ಪದಗಳನ್ನೇ ಹೆಸರಾಗಿ ಹೊತ್ತ ಈ ಪತ್ರವನ್ನು ಸುಮಾರು 1120ರಲ್ಲಿ ಎರಡನೇ ಕ್ಯಾಲಿಕ್ಸ್ಟಸ್ ಹೊರಡಿಸಿದ. 1096ರಲ್ಲಿ ಮೊದಲ ಧರ್ಮಯುದ್ಧಕ್ಕೆ (ಕ್ರುಸೇಡ್) ಹೊರಟ ಗುಂಪುಗಳು ರೈನ್ ನದಿಯ ದಡದ ಊರುಗಳಲ್ಲಿ ಯಹೂದಿಗಳನ್ನು ಕೊಂದಿದ್ದ ನೆನಪು ಆಗಿನ್ನೂ ಹಸಿಯಾಗಿತ್ತು. ಮುಂದಿನ ಹಲವು ಪೋಪರು ಇದನ್ನು ಪುನಃ ಪುನಃ ಹೊರಡಿಸಿದರು. ಮೂರನೇ ಇನೊಸೆಂಟ್ ಹೊರಡಿಸಿದ್ದು 1199ರಲ್ಲಿ. ನಿಷೇಧಗಳು ಬಹಳ ನಿರ್ದಿಷ್ಟ: ಬಲವಂತವಾಗಿ ಜ್ಞಾನಸ್ನಾನ ಮಾಡಿಸಬಾರದು, ನ್ಯಾಯಾಲಯದ ತೀರ್ಪಿಲ್ಲದೆ ಕೊಲ್ಲುವುದು, ಗಾಯಗೊಳಿಸುವುದು, ಹಣ ಕಸಿಯುವುದು ಕೂಡದು, ಹಬ್ಬದ ಆಚರಣೆಗೆ ದೊಣ್ಣೆ ಕಲ್ಲುಗಳಿಂದ ಅಡ್ಡಿ ಮಾಡಬಾರದು, ವಾಡಿಕೆಯಲ್ಲಿಲ್ಲದ ಬಿಟ್ಟಿ ಸೇವೆ ಮಾಡಿಸಿಕೊಳ್ಳಬಾರದು, ಸ್ಮಶಾನವನ್ನು ಹಾಳುಗೆಡವಬಾರದು, ಹಣಕ್ಕಾಗಿ ಹೂತ ಹೆಣಗಳನ್ನು ಅಗೆದು ತೆಗೆಯಬಾರದು. ಈ ಕೊನೆಯ ಮಾತನ್ನು ಒಂದು ಕ್ಷಣ ನಿಂತು ಓದಿ. ನಡೆಯದೇ ಇರುವುದನ್ನು ಯಾರೂ ಇಷ್ಟು ಬಿಡಿಸಿ ನಿಷೇಧಿಸುವುದಿಲ್ಲ.

ಪತ್ರ ಕೈಕೊಟ್ಟದ್ದಕ್ಕೆ ಮುಖ್ಯವಾಗಿ ಮೂರು ಕಾರಣ. ಅದು ತಾನಾಗಿ ಜಾರಿಗೆ ಬರುವ ಶಾಸನವಾಗಿರಲಿಲ್ಲ. ಯಹೂದಿಗಳು ಕೇಳಿಕೊಂಡಾಗ ಸಿಗುವ ಅನುಗ್ರಹವಾಗಿತ್ತು, ಹೊಸ ಪೋಪ್ ಬಂದಾಗ ಹೊಸದಾಗಿ ಪಡೆಯಬೇಕಿತ್ತು. ಎರಡನೆಯದಾಗಿ, ಮೀರಿದವರಿಗೆ ಇದ್ದ ಶಿಕ್ಷೆ ಪದವಿಚ್ಯುತಿ ಮತ್ತು ಚರ್ಚ್‌ನಿಂದ ಬಹಿಷ್ಕಾರ. ಬೀದಿಯಲ್ಲಿ ನುಗ್ಗಿ ಬರುವ ಗುಂಪಿಗೆ ಅದರ ಭಯ ಎಷ್ಟಿದ್ದೀತು? ಮೂರನೆಯದು ಎಲ್ಲಕ್ಕಿಂತ ಗಂಭೀರ. ಇನೊಸೆಂಟ್‌ನ ಪ್ರತಿಯ ಕೊನೆಯಲ್ಲಿ, ಕ್ರೈಸ್ತ ಧರ್ಮವನ್ನು ಬುಡಮೇಲು ಮಾಡಲು ಸಂಚು ಹೂಡದವರಿಗೆ ಮಾತ್ರ ಈ ರಕ್ಷಣೆ ಎಂಬ ಷರತ್ತಿದೆ. ಸಂಚಿನ ಆರೋಪ ಹೊರಿಸಿದರೆ ಸಾಕು, ರಕ್ಷಣೆ ಅಲ್ಲಿಗೆ ಮುಗಿಯಿತು.

ಇದೇ ಇನೊಸೆಂಟ್ 1215ರಲ್ಲಿ ಚರ್ಚ್‌ನ ನಾಲ್ಕನೇ ಲ್ಯಾಟರನ್ ಮಹಾಸಭೆ ಕರೆದ. ಅದರ 67ನೇ ನಿಯಮ ಯಹೂದಿಗಳು ವಿಪರೀತ ಬಡ್ಡಿ ಪಡೆಯುವುದರ ಬಗ್ಗೆ. 68ನೆಯದು ಅವರು ಬೇರೆಯೇ ಎಂದು ಗುರುತಿಸುವಂಥ ಉಡುಪು ತೊಡಬೇಕು ಎನ್ನುತ್ತದೆ. 69ನೆಯದು ಸಾರ್ವಜನಿಕ ಹುದ್ದೆಯಿಂದ ಅವರನ್ನು ಹೊರಗಿಡುತ್ತದೆ. 70ನೆಯದು ಮತಾಂತರಿತರು ಹಳೆಯ ಆಚರಣೆಗಳನ್ನು ಇಟ್ಟುಕೊಳ್ಳದಂತೆ ತಡೆಯಬೇಕೆನ್ನುತ್ತದೆ. ಕಾಪಾಡಿದ ಕೈ, ಗುರುತು ಹಚ್ಚಿದ ಕೈ ಎರಡೂ ಒಬ್ಬನವೇ.

ಪ್ರಶ್ನೆ: ಬಲವಂತದ ಜ್ಞಾನಸ್ನಾನ ನಿಷಿದ್ಧವಾಗಿದ್ದರೆ, ಬಲವಂತಕ್ಕೆ ಒಳಗಾದವರು ತಮ್ಮ ಧರ್ಮಕ್ಕೆ ಮರಳಬಹುದಿತ್ತಲ್ಲ?

ಬಂದ ಪ್ರಶ್ನೆಗಳಲ್ಲೆಲ್ಲ ತಿರುಳಿಗೆ ನೇರವಾಗಿ ಕೈಹಾಕಿದ್ದು ಇದು. ಉತ್ತರ: ಬಹುಪಾಲು ಸಂದರ್ಭಗಳಲ್ಲಿ ಮರಳುವಂತಿರಲಿಲ್ಲ.

ಜ್ಞಾನಸ್ನಾನ ಆತ್ಮದ ಮೇಲೆ ಅಳಿಸಲಾಗದ ಮುದ್ರೆ ಒತ್ತುತ್ತದೆ ಎನ್ನುವುದು ಚರ್ಚ್‌ನ ಸಿದ್ಧಾಂತ. ಆ ಮುದ್ರೆಯನ್ನು ಎರಡನೇ ಸಲ ಒತ್ತುವ ಹಾಗೂ ಇಲ್ಲ, ತೆಗೆಯುವ ಹಾಗೂ ಇಲ್ಲ. ಸ್ಪೇನಿನ ವಿಸಿಗೋತ್ ರಾಜ ಸಿಸೆಬುಟ್ ಯಹೂದಿಗಳಿಗೆ ಬಲವಂತವಾಗಿ ಜ್ಞಾನಸ್ನಾನ ಮಾಡಿಸಿದ್ದ. 633ರ ನಾಲ್ಕನೇ ಟೊಲೆಡೊ ಸಭೆ ತನ್ನ 57ನೇ ನಿಯಮದಲ್ಲಿ, ಇನ್ನು ಮುಂದೆ ಯಾರನ್ನೂ ಬಲವಂತ ಮಾಡಕೂಡದು, ಆದರೆ ಈಗಾಗಲೇ ಬಲವಂತಕ್ಕೆ ಒಳಗಾದವರು ಕ್ರೈಸ್ತರಾಗಿಯೇ ಉಳಿಯಬೇಕು ಎಂದಿತು. ಅದು ಒಂದು ಪ್ರಾದೇಶಿಕ ಸಭೆ. ಆದರೆ ಸುಮಾರು 1140ರಲ್ಲಿ ಗ್ರೇಶಿಯನ್ ಸಂಕಲಿಸಿದ ಚರ್ಚ್ ಕಾನೂನಿನ ಸಂಗ್ರಹದಲ್ಲಿ ಈ ನಿಯಮವೂ ಸೇರಿತು. ಅಲ್ಲಿಂದ ಅದು ಎಲ್ಲ ಕಡೆಯ ಪಾಠವಾಯಿತು.

ಮೂರನೇ ಇನೊಸೆಂಟ್ 1201ರಲ್ಲಿ ಆರ್ಲ್ ನಗರದ ಆರ್ಚ್‌ಬಿಷಪ್‌ಗೆ ಬರೆದ ಪತ್ರದಲ್ಲಿ ಬಲವಂತವನ್ನೇ ಎರಡು ಬಗೆಯಾಗಿ ಸೀಳಿದ. ಸ್ನಾನ ನಡೆಯುವಾಗಲೂ 'ಒಲ್ಲೆ, ಒಲ್ಲೆ' ಎಂದು ಕೊನೆಯವರೆಗೆ ಪ್ರತಿಭಟಿಸಿದವನಿಗೆ ಮುದ್ರೆ ಬೀಳುವುದಿಲ್ಲ. ಆದರೆ ಬೆದರಿಕೆಗೆ, ಹಿಂಸೆಗೆ ಅಂಜಿ, ಪೆಟ್ಟು ತಪ್ಪಿಸಿಕೊಳ್ಳಲು 'ಆಗಲಿ' ಎಂದವನು ಷರತ್ತಿನ ಮೇಲಾದರೂ ಒಪ್ಪಿದಂತೆಯೇ ಲೆಕ್ಕ. ಮುದ್ರೆ ಬಿದ್ದಿದೆ, ಅವನು ಆ ಧರ್ಮವನ್ನು ಪಾಲಿಸಲೇಬೇಕು. ಕತ್ತಿ ಹಿಡಿದವರ ಮುಂದೆ ಕೊನೆಯವರೆಗೂ ಒಲ್ಲೆ ಎಂದವರಲ್ಲಿ ಬದುಕಿ ಉಳಿದು ಆ ವಿನಾಯಿತಿ ಕೇಳಲು ಬರುವವರು ಎಷ್ಟು ಮಂದಿ? ಕಾಗದದ ಮೇಲೆ ಬಾಗಿಲು ತೆರೆದೇ ಇತ್ತು. ಅದರ ಮೂಲಕ ದಾಟಿ ಬರಲು ಮನುಷ್ಯನಿಗೆ ಸಾಧ್ಯವಿರಲಿಲ್ಲ.

ಮುಂದಿನ ಹೆಜ್ಜೆ 1267ರದು. ನಾಲ್ಕನೇ ಕ್ಲೆಮೆಂಟ್ 'ತುರ್ಬಾತೊ ಕೋರ್ದೆ' ಎಂಬ ಪತ್ರದಲ್ಲಿ ಯಹೂದಿ ಧರ್ಮಕ್ಕೆ ಮರಳಿದ ಕ್ರೈಸ್ತರನ್ನು ಪಾಷಂಡಿಗಳಂತೆಯೇ ವಿಚಾರಣೆಗೆ ಗುರಿಪಡಿಸಲು, ಅವರಿಗೆ ನೆರವಾದ ಯಹೂದಿಗಳನ್ನೂ ಶಿಕ್ಷಿಸಲು ವಿಚಾರಣಾಧಿಕಾರಿಗಳಿಗೆ ಅಧಿಕಾರ ಕೊಟ್ಟ. ಓದುಗರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಇನ್‌ಕ್ವಿಸಿಷನ್‌ಗೆ, ಅಂದರೆ ಪಾಷಂಡಿಗಳನ್ನು ವಿಚಾರಿಸುವ ಚರ್ಚ್ ನ್ಯಾಯಾಲಯಕ್ಕೆ, ಯಹೂದಿ ಯಹೂದಿಯಾಗಿ ಬದುಕಿದ್ದರೆ ತತ್ತ್ವತಃ ಅವನ ಮೇಲೆ ಅಧಿಕಾರ ಇರಲಿಲ್ಲ. ಅವನು ಚರ್ಚ್‌ನ ಹೊರಗಿನವನು. ಒಂದು ಬೊಗಸೆ ನೀರು ತಲೆಗೆ ಬಿದ್ದ ಕ್ಷಣದಿಂದ ಅವನು ಒಳಗಿನವನು. ಅಲ್ಲಿಂದಾಚೆಗೆ ಶನಿವಾರ ಯಹೂದಿಗಳ ವಿಶ್ರಾಂತಿ ದಿನವಾದ ಸಬ್ಬತ್ ಆಚರಿಸಿದರೂ ಅಪರಾಧ.

ಪ್ರಶ್ನೆ: ಪೋಪರ ಪತ್ರಗಳಿಗೆ ಈ ವಿಚಿತ್ರ ಲ್ಯಾಟಿನ್ ಹೆಸರುಗಳು ಹೇಗೆ ಬಂದವು?

ಪತ್ರದ ಮೊದಲ ಎರಡು ಮೂರು ಪದಗಳೇ ಅದರ ಹೆಸರು. ವಿಷಯವನ್ನು ಹೆಸರಿನಿಂದ ಊಹಿಸಲು ಹೋಗಬೇಡಿ. 'ಬುಲ್' ಎಂಬ ಪದ ಪತ್ರಕ್ಕೆ ತೂಗುಹಾಕುವ ಸೀಸದ ಮುದ್ರೆಯಿಂದ ಬಂದದ್ದು. ಒಂದು ಬದಿಯಲ್ಲಿ ಸಂತ ಪೀಟರ್ ಮತ್ತು ಪಾಲ್ ಅವರ ಮುಖ, ಇನ್ನೊಂದು ಬದಿಯಲ್ಲಿ ಪೋಪ್‌ನ ಹೆಸರು. ತಾರೀಖು ನೋಡುವಾಗ ಎಚ್ಚರ ಬೇಕು: ಕೆಲವು ಕಾಲಘಟ್ಟಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿದ್ದುದರಿಂದ, ಜನವರಿಯಿಂದ ಮಾರ್ಚ್ 24ರ ನಡುವಿನ ಪತ್ರಗಳಲ್ಲಿ ಬರೆದ ಇಸವಿ ಇಂದಿನ ಲೆಕ್ಕಕ್ಕಿಂತ ಒಂದು ಕಡಿಮೆ ಇರಬಹುದು. ಪತ್ರ ಯಾರಿಗೆ ಬರೆದದ್ದು ಎಂಬುದನ್ನೂ ನೋಡಿ. ಪೋಪ್ ತಾನೇ ಅರಸನಾಗಿದ್ದ ಮಧ್ಯ ಇಟಲಿಯಲ್ಲಿ ಆಜ್ಞೆ ಮರುದಿನವೇ ಜಾರಿಯಾಗುತ್ತಿತ್ತು. ಬೇರೆ ರಾಜ್ಯಗಳಲ್ಲಿ ಅರಸರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. 1290ರಲ್ಲಿ ಇಂಗ್ಲೆಂಡಿನಿಂದ, 1306ರಲ್ಲಿ ಫ್ರಾನ್ಸಿನಿಂದ, 1492ರಲ್ಲಿ ಸ್ಪೇನಿನಿಂದ ಯಹೂದಿಗಳನ್ನು ಹೊರಹಾಕಿದ್ದು ಅರಸರು. ರೋಮ್ ನಗರದಿಂದ ಯಾವ ಪೋಪನೂ ಅವರನ್ನು ಹೊರಹಾಕಲಿಲ್ಲ.

ಪ್ರಶ್ನೆ: ಮತಾಂತರಗೊಂಡವರಿಗೆ ಹಣ, ಆಸ್ತಿ ಸಿಗುತ್ತಿತ್ತೇ?

ಆಮಿಷ ಮೊದಲಿನಿಂದಲೂ ಇತ್ತು. ಸಿಸಿಲಿಯಲ್ಲಿ ಚರ್ಚ್‌ನ ಜಮೀನು ಉಳುತ್ತಿದ್ದ ಯಹೂದಿಗಳು ಮತಾಂತರಗೊಂಡರೆ ಗೇಣಿಯಲ್ಲಿ ಒಂದು ಪಾಲು ಬಿಟ್ಟುಬಿಡಿ ಎಂದು ಒಂದನೇ ಗ್ರೆಗೊರಿಯೇ ಬರೆದಿದ್ದ. ಇವರ ನಂಬಿಕೆ ಗಟ್ಟಿಯಿಲ್ಲದಿದ್ದರೂ ಇವರ ಮಕ್ಕಳದು ಗಟ್ಟಿಯಾದೀತು ಎನ್ನುವುದು ಅವನ ಲೆಕ್ಕ.

ಆದರೆ ವಾಸ್ತವದಲ್ಲಿ ಮತಾಂತರಿತನ ಕಷ್ಟ ಬೇರೆಯೇ ಆಗಿತ್ತು. ಹಲವು ಅರಸರು ಮತಾಂತರಗೊಂಡ ಯಹೂದಿಯ ಆಸ್ತಿಯನ್ನು ಮುಟ್ಟುಗೋಲು ಹಾಕುತ್ತಿದ್ದರು. ಯಹೂದಿಯಾಗಿದ್ದಾಗ ಅವನಿಂದ ಬರುತ್ತಿದ್ದ ತೆರಿಗೆ ಇನ್ನು ಬರುವುದಿಲ್ಲವಲ್ಲ, ಆ ನಷ್ಟ ತುಂಬಿಕೊಳ್ಳುವುದು ಅವರ ನೆಪ. ಇತ್ತ ಕುಟುಂಬವೂ ಅವನನ್ನು ಕೈಬಿಡುತ್ತಿತ್ತು. ಮತಾಂತರಿತರ ಸ್ಥಿತಿ ಮೊದಲಿಗಿಂತ ಉತ್ತಮವಾಗಿರಬೇಕು, ಅವರ ಆಸ್ತಿ ಕಸಿಯಬಾರದು ಎಂದು 1179ರ ಮೂರನೇ ಲ್ಯಾಟರನ್ ಸಭೆ 26ನೇ ನಿಯಮದಲ್ಲಿ ಹೇಳಿತು. 1542ರಲ್ಲಿ ಮೂರನೇ ಪಾಲ್ 'ಕುಪಿಯೆಂತೆಸ್ ಯೂದೆಯೊಸ್' ಎಂಬ ಪತ್ರದಲ್ಲಿ ಮತ್ತೆ ಅದನ್ನೇ ಹೇಳಬೇಕಾಯಿತು, ಪಿತ್ರಾರ್ಜಿತದ ಪಾಲನ್ನೂ ಸೇರಿಸಿ. ನಡುವಿನ 363 ವರ್ಷ ಆ ನಿಯಮ ಎಷ್ಟು ಪಾಲನೆಯಾಯಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮರುವರ್ಷ, 1543ರಲ್ಲಿ, ಯೇಸುಸಭೆಯ (ಜೆಸ್ಯೂಟ್ ಸಂಘದ) ಸ್ಥಾಪಕ ಇಗ್ನೇಷಿಯಸ್ ಲೊಯೊಲಾ ಅವರ ಒತ್ತಾಸೆಯಿಂದ ರೋಮ್‌ನಲ್ಲಿ 'ದೀಕ್ಷಾರ್ಥಿಗಳ ಮನೆ' ಸ್ಥಾಪನೆಯಾಯಿತು. ಮತಾಂತರಕ್ಕೆ ಬಂದವರನ್ನು ಅಲ್ಲಿ ಇರಿಸಿಕೊಂಡು, ಊಟ ವಸತಿ ಕೊಟ್ಟು, ಧರ್ಮ ಕಲಿಸಿ ಜ್ಞಾನಸ್ನಾನ ಮಾಡಿಸುತ್ತಿದ್ದರು. ಖರ್ಚು ಯಾರದು? 1554ರಲ್ಲಿ ಮೂರನೇ ಜೂಲಿಯಸ್ ಪೋಪರ ರಾಜ್ಯದ ಪ್ರತಿ ಸಿನಗಾಗ್ ಮೇಲೆ ವರ್ಷಕ್ಕೆ 10 ಡುಕಾಟ್ ತೆರಿಗೆ ಹಾಕಿದ. ತಮ್ಮ ಮಕ್ಕಳನ್ನು ತಮ್ಮಿಂದ ಬೇರ್ಪಡಿಸುವ ಮನೆಯನ್ನು ಯಹೂದಿಗಳೇ ಸಾಕಬೇಕಾಯಿತು. ಅದರ ಹಿಂದಿನ ವರ್ಷವೇ, 1553ರ ಸೆಪ್ಟೆಂಬರ್ 9ರಂದು, ಯಹೂದಿ ಹೊಸ ವರ್ಷದ ದಿನ, ರೋಮ್‌ನ ಕಾಂಪೊ ದೆ ಫಿಯೊರಿ ಚೌಕದಲ್ಲಿ ಯಹೂದಿಗಳ ಧರ್ಮಶಾಸ್ತ್ರವಾದ ತಾಲ್ಮುದ್ ಗ್ರಂಥಗಳನ್ನು ರಾಶಿ ಹಾಕಿ ಸುಟ್ಟಿದ್ದರು.

ಪ್ರಶ್ನೆ: ಯಹೂದಿಗಳು ಕ್ರೈಸ್ತ ಮಕ್ಕಳ ರಕ್ತ ಬಳಸುತ್ತಾರೆ ಎಂಬ ಅಪಪ್ರಚಾರವನ್ನು ಪೋಪರು ನಂಬಿದ್ದರೇ?

ಇದರಲ್ಲಿ ಹಲವು ಪೋಪರು ಸ್ಪಷ್ಟವಾಗಿ, ಧೈರ್ಯದಿಂದ ನಿಂತರು. ನಾಲ್ಕನೇ ಇನೊಸೆಂಟ್ 1247ರಲ್ಲಿ ಈ ಆರೋಪವನ್ನು ತಳ್ಳಿಹಾಕಿದ. ಹತ್ತನೇ ಗ್ರೆಗೊರಿ 1272ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಹೂದಿಗಳ ವಿರುದ್ಧ ಬರೀ ಕ್ರೈಸ್ತರ ಸಾಕ್ಷ್ಯ ಸಾಲದು, ಸಾಕ್ಷಿಗಳಲ್ಲಿ ಯಹೂದಿಯೂ ಇರಬೇಕು ಎಂದ. ಮಹಾಮಾರಿ ಪ್ಲೇಗ್ ಬಂದ 1348ರಲ್ಲಿ, ಯಹೂದಿಗಳು ಬಾವಿಗೆ ವಿಷ ಹಾಕಿದರೆಂಬ ಸುದ್ದಿ ಹಬ್ಬಿ ಕೊಲೆಗಳು ನಡೆದಾಗ, ಅವಿನ್ಯೋನ್‌ನಲ್ಲಿದ್ದ ಆರನೇ ಕ್ಲೆಮೆಂಟ್ ನೇರ ತರ್ಕ ಮುಂದಿಟ್ಟ: ಯಹೂದಿಗಳೂ ಇದೇ ರೋಗದಿಂದ ಸಾಯುತ್ತಿದ್ದಾರೆ, ಯಹೂದಿಗಳೇ ಇಲ್ಲದ ಕಡೆಯೂ ರೋಗ ಇದೆ.

ಆದರೆ 1475ರಲ್ಲಿ ಟ್ರೆಂಟ್ ಪಟ್ಟಣದಲ್ಲಿ ಸಿಮೋನ್ ಎಂಬ ಮಗು ಸತ್ತಾಗ ಅಲ್ಲಿನ ಯಹೂದಿಗಳನ್ನು ಚಿತ್ರಹಿಂಸೆಗೆ ಗುರಿಪಡಿಸಿ ಕೊಂದರು. ನಾಲ್ಕನೇ ಸಿಕ್ಸ್ಟಸ್ 1478ರಲ್ಲಿ ಆ ವಿಚಾರಣೆ ಕ್ರಮಬದ್ಧವಾಗಿತ್ತು ಎಂದುಬಿಟ್ಟ. ಆ ಒಂದು ಮಾತಿನ ಭಾರ ಶತಮಾನಗಳ ಕಾಲ ಉಳಿಯಿತು. 1759ರಲ್ಲಿ ಮುಂದೆ ಹದಿನಾಲ್ಕನೇ ಕ್ಲೆಮೆಂಟ್ ಆಗಲಿದ್ದ ಗಾಂಗನೆಲ್ಲಿ ಪೋಲೆಂಡಿನ ಆರೋಪಗಳನ್ನು ಒಂದೊಂದಾಗಿ ಪರಿಶೀಲಿಸಿ ಸುಳ್ಳೆಂದು ವರದಿ ಬರೆದಾಗಲೂ ಟ್ರೆಂಟ್ ಪ್ರಕರಣವನ್ನು ಮುಟ್ಟಲಾಗದೆ ಬಿಟ್ಟರು. ಸಿಮೋನ್‌ನ ಆರಾಧನೆಯನ್ನು ಚರ್ಚ್ ರದ್ದು ಮಾಡಿದ್ದು 1965ರಲ್ಲಿ.

ಪ್ರಶ್ನೆ: ಸ್ಪೇನ್, ಪೋರ್ಚುಗಲ್‌ಗಳಲ್ಲಿ ಮತಾಂತರಿತರು ಅನುಭವಿಸಿದ್ದಕ್ಕೆ ಹೊಣೆ ಅರಸರದೋ ಪೋಪರದೋ?

ಅಧಿಕಾರ ಕೊಟ್ಟದ್ದು ಪೋಪ್, ಬಳಸಿದ್ದು ಅರಸರು. 1391ರ ಹತ್ಯಾಕಾಂಡದ ವೇಳೆ ಸ್ಪೇನಿನಲ್ಲಿ ಸಾವಿರಾರು ಯಹೂದಿಗಳು ಜೀವ ಉಳಿಸಿಕೊಳ್ಳಲು ಮತಾಂತರಗೊಂಡರು. 1449ರಲ್ಲಿ ಟೊಲೆಡೊ ನಗರ ಇಂಥವರ ವಂಶಜರನ್ನು ಹುದ್ದೆಗಳಿಂದ ಹೊರಗಿಡುವ ಕಟ್ಟಳೆ ಮಾಡಿದಾಗ ಐದನೇ ನಿಕೋಲಾಸ್ ಅದೇ ವರ್ಷ ಅದನ್ನು ಖಂಡಿಸಿದ. ಜ್ಞಾನಸ್ನಾನವಾದವರೆಲ್ಲ ಒಂದೇ, ಹಳಬರು ಹೊಸಬರು ಎಂಬ ಭೇದ ಕೂಡದು ಎಂಬ ಅವನ ಮಾತು ಸಿದ್ಧಾಂತಕ್ಕೆ ನಿಷ್ಠವಾಗಿತ್ತು. ದುಃಖದ ಸಂಗತಿಯೆಂದರೆ ಮುಂದಿನ ಶತಮಾನದಲ್ಲಿ ಟೊಲೆಡೊದ ಕೆಥೆಡ್ರಲ್ ಇದೇ ಬಗೆಯ 'ರಕ್ತಶುದ್ಧಿ'ಯ ಕಟ್ಟಳೆ ತಂದಾಗ ರೋಮ್ ಒಪ್ಪಿಗೆ ಕೊಟ್ಟಿತು. ಯೇಸುಸಭೆ 1593ರಲ್ಲಿ ಯಹೂದಿ ಮೂಲದವರಿಗೆ ತನ್ನ ಬಾಗಿಲು ಮುಚ್ಚಿತು. ಆ ನಿರ್ಬಂಧ ಪೂರ್ತಿ ಹೋದದ್ದು 1946ರಲ್ಲಿ.

1478ರ ನವೆಂಬರ್ 1ರಂದು ನಾಲ್ಕನೇ ಸಿಕ್ಸ್ಟಸ್, ವಿಚಾರಣಾಧಿಕಾರಿಗಳನ್ನು ನೇಮಿಸುವ ಹಕ್ಕನ್ನು ಸ್ಪೇನಿನ ಅರಸ ಫರ್ಡಿನಾಂಡ್ ಮತ್ತು ರಾಣಿ ಇಸಾಬೆಲ್ಲಾಗೆ ಕೊಟ್ಟ. ನಾಲ್ಕೇ ವರ್ಷದಲ್ಲಿ ದೂರುಗಳ ಮಳೆ. 1482ರ ಏಪ್ರಿಲ್ 18ರಂದು, ಅರಗಾನ್‌ನಲ್ಲಿ ವಿಚಾರಣೆ ನಡೆಯುತ್ತಿರುವುದು ಧರ್ಮಶ್ರದ್ಧೆಯಿಂದಲ್ಲ, ಹಣದಾಸೆಯಿಂದ; ಶತ್ರುಗಳ, ಗುಲಾಮರ ಮಾತು ನಂಬಿ ಜನರನ್ನು ಸೆರೆಗೆ ಹಾಕುತ್ತಿದ್ದಾರೆ ಎಂದು ಅವನೇ ಬರೆದ. ದೂರುದಾರರ ಹೆಸರನ್ನು ಆರೋಪಿಗೆ ತಿಳಿಸಬೇಕು, ರೋಮ್‌ಗೆ ಮೇಲ್ಮನವಿಗೆ ಅವಕಾಶ ಇರಬೇಕು ಎಂದೂ ವಿಧಿಸಿದ. ಫರ್ಡಿನಾಂಡ್ ಸಿಟ್ಟಿನಿಂದ ಉತ್ತರಿಸಿದ. ಆ ವರ್ಷ ಮುಗಿಯುವ ಮೊದಲೇ ಪೋಪ್ ತನ್ನ ಆಜ್ಞೆಯನ್ನು ತಡೆಹಿಡಿದ.

ಪೋರ್ಚುಗಲ್‌ನಲ್ಲಿ 1497ರಲ್ಲಿ ಅಲ್ಲಿನ ಎಲ್ಲ ಯಹೂದಿಗಳಿಗೂ ಬಲವಂತದ ಜ್ಞಾನಸ್ನಾನವಾಯಿತು. ಅಲ್ಲಿಂದ ತಪ್ಪಿಸಿಕೊಂಡ ವರ್ತಕರನ್ನು ಮೂರನೇ ಪಾಲ್ ತನ್ನ ಬಂದರು ಆಂಕೋನಾಗೆ ಬರಮಾಡಿಕೊಂಡ, ಹಿಂದಿನ ಧರ್ಮದ ವಿಷಯ ಕೆದಕುವುದಿಲ್ಲ ಎಂಬ ಭರವಸೆಯೊಂದಿಗೆ. ಮೂರನೇ ಜೂಲಿಯಸ್ ಅದನ್ನು ಮುಂದುವರಿಸಿದ. 1555ರಲ್ಲಿ ಗದ್ದುಗೆಗೆ ಬಂದ ನಾಲ್ಕನೇ ಪಾಲ್ ಆ ಭರವಸೆಯನ್ನು ಕಿತ್ತೆಸೆದ. ವಾದ ಹೀಗಿತ್ತು: ಪೋರ್ಚುಗಲ್‌ನಲ್ಲಿ ಸುಮಾರು 60 ವರ್ಷದಿಂದ ಯಹೂದಿಯಾಗಿ ಬದುಕಲು ಅವಕಾಶವೇ ಇಲ್ಲ, ಆದ್ದರಿಂದ ಅಲ್ಲಿಂದ ಬಂದವರೆಲ್ಲ ಜ್ಞಾನಸ್ನಾನವಾದವರೇ, ಆದ್ದರಿಂದ ಈಗ ಯಹೂದಿಗಳಂತೆ ಬದುಕುವವರೆಲ್ಲ ಧರ್ಮಭ್ರಷ್ಟರು. 1556ರಲ್ಲಿ ಆಂಕೋನಾದಲ್ಲಿ ಸುಮಾರು 25 ಮಂದಿಯನ್ನು ಸುಟ್ಟರು. ಇಸ್ತಾಂಬುಲ್‌ನಲ್ಲಿದ್ದ ಶ್ರೀಮಂತ ವರ್ತಕಿ ಗ್ರಾಸಿಯಾ ನಾಸಿ ಆಂಕೋನಾ ಬಂದರನ್ನು ಬಹಿಷ್ಕರಿಸಿ ವ್ಯಾಪಾರವನ್ನು ಹತ್ತಿರದ ಪೇಸರೊಗೆ ತಿರುಗಿಸಲು ಹೋರಾಡಿದಳು. ಪೇಸರೊದ ಬಂದರು ಚೆನ್ನಾಗಿರಲಿಲ್ಲ, ಆಂಕೋನಾದ ಹಳೆಯ ಯಹೂದಿಗಳು ಪೋಪ್‌ನ ಸಿಟ್ಟು ತಮ್ಮ ಮೇಲೆ ತಿರುಗೀತೆಂದು ಹೆದರಿದರು, ಬಹಿಷ್ಕಾರ ಬಿದ್ದುಹೋಯಿತು.

ಪ್ರಶ್ನೆ: ರೋಮ್‌ನ ಗೆಟ್ಟೊದ ನಿಯಮಗಳು ಏನು?

ನಾಲ್ಕನೇ ಪಾಲ್ 1555ರ ಜುಲೈ 14ರಂದು ಹೊರಡಿಸಿದ 'ಕುಂ ನಿಮಿಸ್ ಅಬ್ಸುರ್ದುಂ' ಎಂಬ ಬುಲ್‌ನಲ್ಲಿ ಅವೆಲ್ಲ ಇವೆ. ಯಹೂದಿಗಳು ಒಂದೇ ಕೇರಿಯಲ್ಲಿ ಇರಬೇಕು; ಆ ಕೇರಿಯೇ ಗೆಟ್ಟೊ. ಊರಿಗೆ ಒಂದೇ ಸಿನಗಾಗ್. ಮನೆ ಜಮೀನು ಹೊಂದುವಂತಿಲ್ಲ. ಇರುವುದನ್ನು ಕ್ರೈಸ್ತರಿಗೆ ಮಾರಬೇಕು. ಗಂಡಸರಿಗೆ ಹಳದಿ ಟೋಪಿ, ಹೆಂಗಸರಿಗೆ ಅದೇ ಬಣ್ಣದ ಗುರುತು. ಕ್ರೈಸ್ತ ದಾದಿ, ಕೆಲಸದವರು ಕೂಡದು. ಹಳೆ ಬಟ್ಟೆ ಚಿಂದಿಯ ವ್ಯಾಪಾರ ಬಿಟ್ಟು ಬೇರೆ ವ್ಯಾಪಾರವಿಲ್ಲ. ಬಡ ಕ್ರೈಸ್ತರೂ ಅವರನ್ನು 'ಸಿನ್ಯೋರ್' ಎಂದು ಕರೆಯುವಂತಿಲ್ಲ. ಲೇವಾದೇವಿಯ ಬಗ್ಗೆಯೂ ಬುಲ್ ಸೂಕ್ಷ್ಮಕ್ಕೆ ಇಳಿಯುತ್ತದೆ: ಲೆಕ್ಕದ ಪುಸ್ತಕ ಇಟಾಲಿಯನ್‌ನಲ್ಲಿ, ಲ್ಯಾಟಿನ್ ಲಿಪಿಯಲ್ಲಿ ಇರಬೇಕು, ತಿಂಗಳೆಂದರೆ ಪೂರ್ತಿ 30 ದಿನ, ತುಂಬದ ತಿಂಗಳಿಗೆ ಪೂರಾ ತಿಂಗಳ ಬಡ್ಡಿ ಹಾಕದೆ ದಿನದ ಲೆಕ್ಕ ಹಿಡಿಯಬೇಕು, ಗಿರವಿ ವಸ್ತುವನ್ನು 18 ತಿಂಗಳು ಕಳೆಯುವ ಮುನ್ನ ಮಾರುವಂತಿಲ್ಲ.

ಕೇರಿ ಇದ್ದದ್ದು ಟೈಬರ್ ನದಿಯ ದಡದಲ್ಲಿ, ನೆರೆ ಬಂದರೆ ಮೊದಲು ಮುಳುಗುವ ತಗ್ಗಿನಲ್ಲಿ. ರಾತ್ರಿ ಬಾಗಿಲುಗಳಿಗೆ ಬೀಗ. ಆದರೆ ಜನ ನಿಯಮಗಳ ಸಂದಿಯಲ್ಲಿ ಬದುಕುವ ದಾರಿ ಕಂಡುಕೊಂಡರು. ಒಂದೇ ಸಿನಗಾಗ್ ಎಂದಿದ್ದರೆ ಒಂದೇ ಕಟ್ಟಡ. ಅದರೊಳಗೆ ತೆಂಪಿಯೊ, ನೋವಾ, ಸಿಸಿಲಿಯಾನಾ, ಕತಲಾನಾ, ಕಸ್ತಿಲ್ಯಾನಾ ಎಂಬ ಐದು ಸಭೆಗಳು, ಪ್ರತಿಯೊಂದೂ ತನ್ನದೇ ಪದ್ಧತಿಯಲ್ಲಿ ಪ್ರಾರ್ಥಿಸುತ್ತಿದ್ದವು. ಮನೆ ಕೊಳ್ಳುವಂತಿಲ್ಲ ಎಂದಾಗ ಬಾಡಿಗೆ ಹಕ್ಕೇ ಆಸ್ತಿಯಾಯಿತು. ಬಾಡಿಗೆ ಕಟ್ಟುವವರೆಗೆ ಕ್ರೈಸ್ತ ಮಾಲೀಕ ಒಕ್ಕಲೆಬ್ಬಿಸುವಂತಿಲ್ಲ, ಬಾಡಿಗೆ ಏರಿಸುವಂತಿಲ್ಲ. ಆ ಹಕ್ಕನ್ನು ಮಕ್ಕಳಿಗೆ ಬಿಟ್ಟುಹೋಗಬಹುದಿತ್ತು, ಮಗಳ ಮದುವೆಗೆ ವರದಕ್ಷಿಣೆಯಾಗಿ ಕೊಡಬಹುದಿತ್ತು.

1569ರಲ್ಲಿ ಐದನೇ ಪಿಯುಸ್ ರೋಮ್ ಮತ್ತು ಆಂಕೋನಾ ಬಿಟ್ಟು ಇಟಲಿಯ ತನ್ನ ರಾಜ್ಯದ ಉಳಿದ ಊರುಗಳಿಂದ ಯಹೂದಿಗಳನ್ನು ಹೊರಹಾಕಿದ. 1586ರಲ್ಲಿ ಐದನೇ ಸಿಕ್ಸ್ಟಸ್ ಮತ್ತೆ ಬರಗೊಟ್ಟ. 1593ರಲ್ಲಿ ಎಂಟನೇ ಕ್ಲೆಮೆಂಟ್ ಮತ್ತೆ ಹೊರದಬ್ಬಿದ. 1584ರಿಂದ ರೋಮ್‌ನ ಯಹೂದಿಗಳು ಮತಾಂತರದ ಪ್ರವಚನಗಳಿಗೆ ಕಡ್ಡಾಯವಾಗಿ ಹಾಜರಾಗಬೇಕಾಯಿತು. ಗೆಟ್ಟೊ ಪೂರ್ತಿ ಮುಗಿದದ್ದು 1870ರಲ್ಲಿ, ಇಟಲಿಯ ಸೇನೆ ರೋಮ್ ಪ್ರವೇಶಿಸಿದಾಗ.

ಪ್ರಶ್ನೆ: ಮೊರ್ತಾರಾ ಎಂಬ ಬಾಲಕನನ್ನು ಪೋಲೀಸರು ಹೊತ್ತೊಯ್ದ ಪ್ರಕರಣದಲ್ಲಿ ಕಾನೂನಿನ ಆಧಾರ ಏನಿತ್ತು?

1747ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್ ಬರೆದ 'ಪೋಸ್ತ್ರೆಮೊ ಮೆನ್ಸೆ' ಎಂಬ ದೀರ್ಘ ಪತ್ರದಲ್ಲಿ ಆ ಆಧಾರವಿದೆ. ಬೆನೆಡಿಕ್ಟ್ ಸ್ವತಃ ಕಾನೂನು ಪಂಡಿತ. ಯಹೂದಿ ಮಗುವಿಗೆ ತಂದೆತಾಯಿಯ ಒಪ್ಪಿಗೆಯಿಲ್ಲದೆ ಜ್ಞಾನಸ್ನಾನ ಮಾಡಿಸುವುದು ಅಕ್ರಮ, ಮಾಡಿಸಿದವರು ಶಿಕ್ಷಾರ್ಹರು. ಮಗು ಸಾವಿನ ಅಂಚಿನಲ್ಲಿದ್ದರೆ ಅಥವಾ ಹೆತ್ತವರು ತ್ಯಜಿಸಿದ್ದರೆ ಮಾತ್ರ ಸಕ್ರಮ. ಆದರೆ ಅಕ್ರಮವಾಗಿ ಮಾಡಿಸಿದ್ದೂ ಸಿಂಧು. ಸಿಂಧುವಾದ ಮೇಲೆ ಮಗು ಕ್ರೈಸ್ತ. ಕ್ರೈಸ್ತ ಮಗುವನ್ನು ಯಹೂದಿ ಮನೆಯಲ್ಲಿ ಬಿಡುವಂತಿಲ್ಲ. ಪಲೆರ್ಮೊದ ಕಟ್ಟಡಕ್ಕೆ ಅನ್ವಯಿಸಿದ ತರ್ಕ ಇದೇ.

ಇನ್ನೊಂದು ದಾರಿ 'ಅರ್ಪಣೆ'. ಮತಾಂತರಗೊಂಡವನು ತನ್ನ ಹೆಂಡತಿ ಮಕ್ಕಳನ್ನು ಚರ್ಚ್‌ಗೆ ಅರ್ಪಿಸುತ್ತೇನೆಂದರೆ ಅವರನ್ನು ದೀಕ್ಷಾರ್ಥಿಗಳ ಮನೆಗೆ ಒಯ್ಯುತ್ತಿದ್ದರು. 1749ರಲ್ಲಿ ಮತಾಂತರಗೊಂಡ ಒಬ್ಬಾತ, ಆನಾ ದೆಲ್ ಮೊಂತೆ ಎಂಬ ಯುವತಿ ತನಗೆ ನಿಶ್ಚಯವಾದವಳು ಎಂದು ಹೇಳಿ ಅವಳನ್ನು 'ಅರ್ಪಿಸಿದ'. ಗೆಟ್ಟೊದ ಮನೆಯಿಂದ ಅವಳನ್ನು ಕರೆದೊಯ್ದು 13 ದಿನ ಇಟ್ಟುಕೊಂಡರು. ಹಗಲು ರಾತ್ರಿ ಉಪದೇಶ, ಬೆದರಿಕೆ. ಪ್ರಾಪ್ತ ವಯಸ್ಸಿನವಳಾದ್ದರಿಂದ ಅವಳ ಒಪ್ಪಿಗೆ ಬೇಕಿತ್ತು. ಅವಳು ಕೊಡಲಿಲ್ಲ. ಮನೆಗೆ ಬಿಟ್ಟರು. ಆ ದಿನಗಳ ಬಗ್ಗೆ ಅವಳ ಬರಹ ಉಳಿದುಬಂದಿದೆ.

ಎದ್ಗಾರ್ದೊ ಮೊರ್ತಾರಾಗೆ ಆ ಅವಕಾಶ ಇರಲಿಲ್ಲ. ಅವನಿಗಿನ್ನೂ ಆರು ವರ್ಷ. ಬೊಲೊನ್ಯಾ ನಗರದಲ್ಲಿ 1858ರ ಜೂನ್ 23ರ ಸಂಜೆ ಪೋಪ್‌ನ ಪೋಲೀಸರು ಮನೆ ಬಾಗಿಲಿಗೆ ಬಂದರು. ಮರುದಿನ ಮಗುವನ್ನು ಒಯ್ದರು. ಮನೆಗೆಲಸದ ಆನಾ ಮೊರಿಸಿ, ಮಗು ಕೂಸಾಗಿದ್ದಾಗ ಕಾಯಿಲೆ ಬಿದ್ದಾಗ ಸತ್ತೀತೆಂದು ಹೆದರಿ ತಾನೇ ನೀರು ಚಿಮುಕಿಸಿ ಜ್ಞಾನಸ್ನಾನ ಮಾಡಿಸಿದ್ದಾಗಿ ಹೇಳಿದ್ದಳು. ವಿಚಾರಣಾಧಿಕಾರಿ ಫೆಲೆತ್ತಿ ತಿಳಿಯಬೇಕಾಗಿದ್ದದ್ದು ಮೂರೇ ಸಂಗತಿ: ನೀರು ಬಿತ್ತೇ, 'ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ' ಎಂಬ ಮಾತು ಆಡಿದಳೇ, ಚರ್ಚ್ ಮಾಡುವುದನ್ನೇ ಮಾಡುವ ಉದ್ದೇಶ ಇತ್ತೇ. ಪಾದ್ರಿಯೇ ಆಗಬೇಕೆಂದಿಲ್ಲ, ತುರ್ತಿನಲ್ಲಿ ಯಾರು ಮಾಡಿದರೂ ಸಿಂಧು. ತಂದೆ ಮೊಮೊಲೊ, ತಾಯಿ ಮರಿಯಾನ್ನಾ 'ನಾವು ಒಪ್ಪಿರಲಿಲ್ಲ' ಎಂದರೆ ಆ ಕಾನೂನಿನಲ್ಲಿ ಪ್ರಯೋಜನವಿರಲಿಲ್ಲ. ಆದ್ದರಿಂದಲೇ ಅವರು ಮಗುವಿನ ಕಾಯಿಲೆ ಅಷ್ಟು ಗಂಭೀರವಾಗಿರಲಿಲ್ಲ, ಕೆಲಸದವಳ ಮಾತು ನಂಬುವಂಥದ್ದಲ್ಲ ಎಂದು ವೈದ್ಯರಿಂದ, ನೆರೆಹೊರೆಯವರಿಂದ ಹೇಳಿಕೆಗಳನ್ನು ಕಲೆಹಾಕುತ್ತಾ ಓಡಾಡಿದರು. ಮಗನನ್ನು ಕಳೆದುಕೊಂಡ ತಂದೆತಾಯಿಗೆ ಕಾನೂನು ಬಿಟ್ಟಿದ್ದ ಏಕೈಕ ಕೆಲಸ ಅದು.

ಮಗು ರೋಮ್‌ನ ದೀಕ್ಷಾರ್ಥಿಗಳ ಮನೆ ಸೇರಿತು. ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ ಪ್ರತಿಭಟಿಸಿದ. ಇಂಗ್ಲೆಂಡಿನಿಂದ ಯಹೂದಿ ಮುಖಂಡ ಮೋಸೆಸ್ ಮೊಂಟೆಫಿಯೋರೆ 1859ರಲ್ಲಿ ರೋಮ್‌ಗೇ ಬಂದರು. ಒಂಬತ್ತನೇ ಪಿಯುಸ್ ಮಣಿಯಲಿಲ್ಲ. 1860ರಲ್ಲಿ, ಬೊಲೊನ್ಯಾ ಪೋಪ್‌ನ ಕೈತಪ್ಪಿದ ಮೇಲೆ, ಫೆಲೆತ್ತಿಯ ಮೇಲೆ ಮೊಕದ್ದಮೆ ನಡೆಯಿತು. ಅಂದಿನ ಸರ್ಕಾರದ ಆಜ್ಞೆಯಂತೆ ನಡೆದುಕೊಂಡಿದ್ದನೆಂದು ಬಿಡುಗಡೆಯಾಯಿತು. ಎದ್ಗಾರ್ದೊ ಪಾದ್ರಿಯಾದ, 1940ರಲ್ಲಿ ಬೆಲ್ಜಿಯಂನ ಲಿಯೆಜ್‌ನಲ್ಲಿ ತೀರಿಕೊಂಡ.

ಪ್ರಶ್ನೆ: ಫ್ಯಾಸಿಸ್ಟ್ ಮತ್ತು ನಾತ್ಸಿ ಕಾಲದಲ್ಲಿ ಜ್ಞಾನಸ್ನಾನವಾದ ಯಹೂದಿಗಳಿಗೆ ರಕ್ಷಣೆ ಸಿಕ್ಕಿತೇ?

1938ರ ಇಟಲಿಯ ಜನಾಂಗೀಯ ಕಾನೂನು ತಂದೆ ತಾಯಿ ಇಬ್ಬರೂ ಯಹೂದಿಗಳಾಗಿದ್ದರೆ ಮಗ ಬೇರೆ ಧರ್ಮದವನಾದರೂ ಯಹೂದಿಯೇ ಎಂದಿತು. ಜ್ಞಾನಸ್ನಾನದ ಮುದ್ರೆಗೆ ಅಲ್ಲಿ ಬೆಲೆಯಿರಲಿಲ್ಲ. ವ್ಯಾಟಿಕನ್ ಹೆಚ್ಚು ಬಲವಾಗಿ ಆಕ್ಷೇಪಿಸಿದ್ದು ಮತಾಂತರಿತರ ಮದುವೆಗೆ ಬಂದ ನಿಷೇಧವನ್ನು. ಅದು ಇಟಲಿ ಮತ್ತು ವ್ಯಾಟಿಕನ್ ನಡುವಿನ 1929ರ ಒಪ್ಪಂದಕ್ಕೆ ವಿರುದ್ಧವಾಗಿತ್ತು. ಯಹೂದಿಯಾಗಿಯೇ ಉಳಿದವರ ಪರವಾಗಿ ಅಷ್ಟು ದೊಡ್ಡ ದನಿ ಕೇಳಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ. 1943ರ ಅಕ್ಟೋಬರ್ 16ರಂದು ಜರ್ಮನ್ನರು ರೋಮ್‌ನಲ್ಲಿ 1,259 ಮಂದಿಯನ್ನು ಹಿಡಿದರು. ಮಿಶ್ರ ವಿವಾಹದವರನ್ನೂ ಯಹೂದಿಗಳಲ್ಲದವರನ್ನೂ ಬಿಟ್ಟು, ಸಾವಿರಕ್ಕೂ ಹೆಚ್ಚು ಜನರನ್ನು ಆಶ್ವಿಟ್ಸ್‌ಗೆ ಸಾಗಿಸಿದರು. ಮರಳಿದವರು 16 ಮಂದಿ.

ಪ್ರಶ್ನೆ: ಇಂದಿನ ನಿಯಮ ಏನು?

1959ರಲ್ಲಿ ಇಪ್ಪತ್ತಮೂರನೇ ಜಾನ್ ಶುಭ ಶುಕ್ರವಾರದ ಪ್ರಾರ್ಥನೆಯಿಂದ ಯಹೂದಿಗಳನ್ನು 'ವಿಶ್ವಾಸಹೀನರು' ಎನ್ನುವ ಪದ ತೆಗೆಸಿದರು. 1965ರ ಅಕ್ಟೋಬರ್ 28ರಂದು 2,221 ಮತಗಳಿಂದ, 88 ವಿರೋಧದೊಂದಿಗೆ ಅಂಗೀಕಾರವಾದ ಎರಡನೇ ವ್ಯಾಟಿಕನ್ ಮಹಾಸಭೆಯ ಘೋಷಣೆ 'ನೋಸ್ತ್ರ ಎತಾತೆ' ಯೇಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯಹೂದಿಗಳ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸುವಂತಿಲ್ಲ ಎಂದಿತು. ಯಹೂದಿಗಳನ್ನು ಗುರಿಯಾಗಿಟ್ಟುಕೊಂಡ ಸಾಂಸ್ಥಿಕ ಮತಪ್ರಚಾರವನ್ನು ಕಥೋಲಿಕ ಚರ್ಚ್ ನಡೆಸುವುದೂ ಇಲ್ಲ, ಬೆಂಬಲಿಸುವುದೂ ಇಲ್ಲ ಎಂದು 2015ರಲ್ಲಿ ವ್ಯಾಟಿಕನ್‌ನ ದಾಖಲೆಯೊಂದು ಹೇಳಿತು.

ಜ್ಞಾನಸ್ನಾನದ ಕಾನೂನು ಬೇಕಿದ್ದರೆ ಚರ್ಚ್ ಕಾನೂನಿನ 1983ರ ಸಂಹಿತೆ ನೋಡಿ. 865ನೇ ವಿಧಿಯ ಪ್ರಕಾರ ವಯಸ್ಕನು ತಾನೇ ಇಚ್ಛೆ ವ್ಯಕ್ತಪಡಿಸಿರಬೇಕು. 868ರ ಮೊದಲ ಭಾಗದ ಪ್ರಕಾರ ಮಗುವಿಗೆ ತಂದೆತಾಯಿಯಲ್ಲಿ ಒಬ್ಬರಾದರೂ ಅಥವಾ ಕಾನೂನುಬದ್ಧ ಪಾಲಕರು ಒಪ್ಪಬೇಕು. 845ನೇ ವಿಧಿ ಜ್ಞಾನಸ್ನಾನವನ್ನು ಎರಡನೇ ಸಲ ಮಾಡಲಾಗದು ಎನ್ನುತ್ತದೆ. ಅಳಿಸಲಾಗದ ಮುದ್ರೆಯ ಸಿದ್ಧಾಂತ ಹಾಗೆಯೇ ಇದೆ. ಆದರೆ ಅದನ್ನು ಹಿಡಿದು ಮಗುವನ್ನು ಒಯ್ಯುವ ಪೋಲೀಸರು ಈಗ ಪೋಪ್‌ನ ಕೈಕೆಳಗೆ ಇಲ್ಲ. 868ರ ಎರಡನೇ ಭಾಗವನ್ನೂ ಓದಿ: ಸಾವಿನ ಅಪಾಯದಲ್ಲಿರುವ ಶಿಶುವಿಗೆ, ತಂದೆತಾಯಿ ಕಥೋಲಿಕರಾಗಿರಲಿ ಇಲ್ಲದಿರಲಿ, ಅವರ ಇಚ್ಛೆಗೆ ವಿರುದ್ಧವಾಗಿ ಜ್ಞಾನಸ್ನಾನ ಮಾಡಿಸಿದರೂ ಅದು ಸಕ್ರಮ. ಆನಾ ಮೊರಿಸಿ ತಾನು ಮಾಡಿದೆನೆಂದು ಹೇಳಿದ್ದ ಕೆಲಸಕ್ಕೆ ಅನ್ವಯಿಸುವ ಸಾಲು ಅದು.